‘ವಾಸಯೋಗ್ಯ ಗ್ರಹ’: ಈ ಪದ ಸರಿಯೇ? ಬೇರೆ ಯಾವುದು ಬಳಸಬಹುದು?

ಎಲ್ಲರಿಗೂ ನಮಸ್ಕಾರ.

ಬೇರೆ ನಕ್ಷತ್ರಗಳ ಸುತ್ತ ಸುತ್ತುವ ‘ಹ್ಯಾಬಿಟೆಬಲ್’ ಗ್ರಹಗಳಿಗೆ ನಮ್ಮ ಪತ್ರಿಕೆಗಳು ‘ವಾಸಯೋಗ್ಯ ಗ್ರಹ’ ಅಂತ ಬರೆಯುತ್ತವೆ. ಈ ಪದ ಓದುವವರನ್ನು ದಾರಿ ತಪ್ಪಿಸುತ್ತದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಉಡುಪಿಯಲ್ಲಿ ನಾವು ಕೆಲವರು ಸೇರಿ ಶಾಲಾ ಮಕ್ಕಳಿಗಾಗಿ ಒಂದು ಸಣ್ಣ ಕೈಪಿಡಿ ಮಾಡುತ್ತಿದ್ದೇವೆ. ಪಿಲಿಕುಳದ ತಾರಾಲಯ ನೋಡಲು ಹೋಗುವ ಮೊದಲು ಅವರು ಓದಿಕೊಳ್ಳಲಿ ಅಂತ. ಅದರ ಕರಡು ಓದಿದ ಮಕ್ಕಳು ಈ ಪದದ ಹತ್ತಿರ ಬಂದ ಕೂಡಲೇ ಕೇಳುವುದು, "ಅಲ್ಲಿ ಜನ ಉಂಟಾ?" ಅಂತ. ಇಲ್ಲದಿದ್ದರೆ, "ನಾವು ಅಲ್ಲಿಗೆ ಯಾವಾಗ ಹೋಗುವುದು?"

ಮಕ್ಕಳು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ವಾಸ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಮನುಷ್ಯರೇ. ವಾಸದ ಮನೆ, ಮಂಗಳೂರಿನಲ್ಲಿ ವಾಸ, ಹೀಗೇ ಅಲ್ವಾ ನಾವು ಹೇಳುವುದು? ‘ಯೋಗ್ಯ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ‘ಕುಡಿಯಲು ಯೋಗ್ಯ’ ಅಂತ ಬರೆದಿದ್ದರೆ ಯಾರೋ ಪರೀಕ್ಷೆ ಮಾಡಿ ಆಗಬಹುದು ಅಂತ ಒಪ್ಪಿದ್ದಾರೆ ಎಂದು ಅರ್ಥ. ಆದರೆ ಈ ಗ್ರಹಗಳ ವಿಷಯದಲ್ಲಿ ಅಂಥ ಪರೀಕ್ಷೆ ಯಾವುದೂ ಆಗಿಲ್ಲ.

ಖಗೋಳದವರು ನಿಜವಾಗಿ ಹೇಳುವುದು ಬಹಳ ಕಡಿಮೆ. ನಕ್ಷತ್ರದಿಂದ ಇಂತಿಷ್ಟು ದೂರದಲ್ಲಿ ಗ್ರಹ ಇದೆ, ಅದಕ್ಕೆ ತಕ್ಕ ಗಾಳಿಯ ಹೊದಿಕೆ ಇದ್ದರೆ ನೆಲದ ಮೇಲೆ ನೀರು ಕುದಿದು ಆವಿಯಾಗದೆ, ಹೆಪ್ಪುಗಟ್ಟದೆ ನಿಲ್ಲಬಹುದು. ಇಷ್ಟೇ. ಆ ‘ಇದ್ದರೆ’ಯಲ್ಲೇ ಎಲ್ಲ ಇದೆ. ನಮ್ಮ ಚಂದ್ರನನ್ನೇ ನೋಡಿ. ಸೂರ್ಯನಿಂದ ಅದು ಭೂಮಿಯಷ್ಟೇ ದೂರದಲ್ಲಿದೆ, ಅಂದರೆ ನೀರು ನಿಲ್ಲಬಹುದಾದ ಆ ದೂರದ ಪಟ್ಟಿಯ, ಅವರು ಹೇಳುವ ‘ವಾಸಯೋಗ್ಯ ವಲಯ’ದ, ಒಳಗೇ ಇದೆ, ಆದರೂ ಅಲ್ಲಿ ಉಸಿರಾಡಲು ಗಾಳಿ ಇಲ್ಲ, ಹರಿಯುವ ನೀರಿಲ್ಲ. ಶುಕ್ರ ಗಾತ್ರದಲ್ಲಿ ಭೂಮಿಗೆ ಹೆಚ್ಚುಕಡಿಮೆ ಸಮ. ಆ ವಲಯದ ಒಳ ಅಂಚಿನ ಹತ್ತಿರವೇ ಇದೆ. ಆದರೆ ದಟ್ಟ ಇಂಗಾಲದ ಡೈಆಕ್ಸೈಡ್ ಶಾಖವನ್ನು ಹೊರಗೆ ಬಿಡದ ಕಾರಣ ಅದರ ನೆಲ ಸುಮಾರು 460 ಡಿಗ್ರಿ ಸೆಲ್ಸಿಯಸ್ ಕಾದಿದೆ. ಅತ್ತ ಗುರುವಿನ ಚಂದ್ರ ಯುರೋಪಾ ಮತ್ತು ಶನಿಯ ಚಂದ್ರ ಎನ್ಸೆಲಡಸ್ ಈ ವಲಯದಿಂದ ಎಷ್ಟೋ ಹೊರಗಿವೆ. ಆದರೂ ಮಂಜುಗಡ್ಡೆಯ ಚಿಪ್ಪಿನ ಕೆಳಗೆ ಅವುಗಳಲ್ಲಿ ಸಮುದ್ರ ಇದೆ ಅನ್ನಲು ಬಲವಾದ ಆಧಾರಗಳಿವೆ. ಹಾಗಾದರೆ ‘ವಾಸಯೋಗ್ಯ’ ಯಾವುದು?

ದೂರದ ಗ್ರಹಗಳ ಬಗ್ಗೆ ನಮಗೆ ಗೊತ್ತಿರುವುದು ಇನ್ನೂ ಕಡಿಮೆ. ಹೆಚ್ಚಿನವನ್ನು ನಾವು ನೇರವಾಗಿ ನೋಡಿಯೇ ಇಲ್ಲ. ಗ್ರಹ ನಕ್ಷತ್ರದ ಮುಂದೆ ದಾಟುವಾಗ ಬೆಳಕು ಒಂಚೂರು ಕುಂದುತ್ತದೆ. ಭೂಮಿ ಸೂರ್ಯನ ಮುಂದೆ ದಾಟುವುದನ್ನು ದೂರದಿಂದ ಯಾರಾದರೂ ನೋಡಿದರೆ, ಬೆಳಕು ಕುಂದುವುದು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ, ಅದೂ ವರ್ಷಕ್ಕೆ ಒಂದೇ ಸಲ, ಹೆಚ್ಚೆಂದರೆ 13 ಗಂಟೆ ಹೊತ್ತು. ಇದರಿಂದ ಸಿಗುವುದು ಗ್ರಹದ ಅಗಲ ಮತ್ತು ಅದರ ಒಂದು ವರ್ಷದ ಉದ್ದ. ಗ್ರಹದ ಎಳೆತಕ್ಕೆ ನಕ್ಷತ್ರ ತೊನೆದಾಡುವುದನ್ನು ಅಳೆದರೆ ಗ್ರಹದ ತೂಕದ ಅಂದಾಜು ಸಿಗುತ್ತದೆ. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋಜ್ 51 ಪೆಗಾಸಿ ಎಂಬ ನಕ್ಷತ್ರದ ಗ್ರಹವನ್ನು ಹಿಡಿದದ್ದು ಹೀಗೆಯೇ. 2025ರ ಹೊತ್ತಿಗೆ ಪಟ್ಟಿ 6000 ದಾಟಿದೆ. ಅಲ್ಲಿ ಗಾಳಿ ಇದೆಯಾ ಅಂತ ನೋಡಲು ಸಾಧ್ಯವಾಗಿರುವುದು ಅದರಲ್ಲಿ ಸಣ್ಣ ಪಾಲಿಗೆ ಮಾತ್ರ.

ಕೆ2-18ಬಿ ಎಂಬ ದೂರದ ಗ್ರಹದ ಸುದ್ದಿ ನೆನಪಿದೆಯಲ್ಲ? 2025ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ ಜೇಮ್ಸ್ ವೆಬ್ ದೂರದರ್ಶಕದ ಅಳತೆಗಳಲ್ಲಿ ಡೈಮಿಥೈಲ್ ಸಲ್ಫೈಡ್ ಎಂಬ ಅನಿಲದ ಸುಳಿವು ಕಂಡಿದೆ ಅಂದಿತು. ನಮ್ಮ ಭೂಮಿಯಲ್ಲಿ ಅದನ್ನು ಹೆಚ್ಚಾಗಿ ಉಂಟುಮಾಡುವುದು ಸಮುದ್ರದ ಸೂಕ್ಷ್ಮಜೀವಿಗಳು. ಅದೇ ಅಳತೆಗಳನ್ನು ನೋಡಿದ ಬೇರೆ ತಂಡಗಳು ಇಷ್ಟು ಆಧಾರ ಸಾಲದು ಅಂದವು. ಆ ಗ್ರಹದ ತೂಕ ಭೂಮಿಯ ಎಂಟು ಪಟ್ಟಿಗೂ ಜಾಸ್ತಿ, ಕಾಲಿಡಲು ನೆಲ ಇದೆಯೋ ಅನ್ನುವುದೇ ಚರ್ಚೆಯಲ್ಲಿದೆ. ಅದನ್ನು ‘ವಾಸಯೋಗ್ಯ’ ಅಂತ ಕರೆಯುವುದು ಹೇಗೆ?

ಈಗ ಪದಗಳಿಗೆ ಬರುತ್ತೇನೆ. ‘ಜೀವಯೋಗ್ಯ’ ಅಂದರೆ ವಾಸ ಹೋಯಿತು, ಯೋಗ್ಯ ಉಳಿಯಿತು. ‘ಜೀವಾನುಕೂಲ’ ಕೂಡ ಅನುಕೂಲ ಇದ್ದೇ ಇದೆ ಅಂತ ಒಪ್ಪಿದ ಹಾಗೆ. ‘ಜೀವಸಾಧ್ಯ’ ಕೇಳಲು ಚೆನ್ನಾಗಿದೆ, ಆದರೆ ಅದರಲ್ಲಿ ನನಗೊಂದು ಅನುಮಾನ. ಕಷ್ಟಸಾಧ್ಯ ಅಂದರೆ ಕಷ್ಟದಿಂದ ಆಗುವಂಥದ್ದು, ಶ್ರಮಸಾಧ್ಯ ಅಂದರೆ ಶ್ರಮದಿಂದ ಆಗುವಂಥದ್ದು. ಅದೇ ಲೆಕ್ಕದಲ್ಲಿ ಜೀವಸಾಧ್ಯ ಅಂದರೆ ‘ಜೀವದಿಂದ ಆಗುವಂಥದ್ದು’ ಅಂತಾಗುವುದಿಲ್ಲವೇ? ಸಂಸ್ಕೃತ ಬಲ್ಲವರು ಹೇಳಬೇಕು.

ಹಾಗಾಗಿ ನನ್ನ ಒಲವು ಕನ್ನಡದ ‘ಬಲ್ಲ’ದ ಕಡೆಗೆ. ‘ಜೀವ ಇರಬಹುದಾದ ಗ್ರಹ’ ಅಂದರೆ ಬಹುಶಃ ಜೀವ ಇದೆ ಅಂತ ಓದುಗ ತಿಳಿಯುತ್ತಾನೆ. ‘ಜೀವ ಇರಬಲ್ಲ ಗ್ರಹ’ ಅಂದರೆ ಇದ್ದರೆ ಬಾಳೀತು, ಇದೆ ಅಂತಲ್ಲ. ನನ್ನ ಕಿವಿಗೆ ಈ ವ್ಯತ್ಯಾಸ ಸ್ಪಷ್ಟವಾಗಿ ಕೇಳುತ್ತದೆ. ನಿಮಗೂ ಹಾಗೇ ಕೇಳುತ್ತದೆಯೇ? ವಲಯಕ್ಕೆ ‘ನೀರು ನಿಲ್ಲಬಲ್ಲ ವಲಯ’ ಅಂತ ಬರೆಯೋಣ ಅಂತಿದ್ದೇನೆ. ಸ್ವಲ್ಪ ಉದ್ದ ನಿಜ. ಆದರೆ ಅಲ್ಲಿ ಅಳೆದಿರುವುದೇನು ಅಂತ ಅದು ನೇರವಾಗಿ ಹೇಳುತ್ತದೆ. ಸುಮ್ನೆ ‘ನೀರ ವಲಯ’ ಅಂತ ಚಿಕ್ಕದು ಮಾಡಿದರೆ ನೀರು ಸಿಕ್ಕಿದೆ ಅಂತ ಮತ್ತೆ ತಪ್ಪು ತಿಳಿಯುತ್ತಾರೆ.

ಇನ್ನೊಂದು ಸಣ್ಣ ತೊಡಕು, ಬೇರೆ ನಕ್ಷತ್ರಗಳ ಗ್ರಹಗಳನ್ನು (‘ಎಕ್ಸೊಪ್ಲಾನೆಟ್’) ಏನೆಂದು ಕರೆಯುವುದು ಅಂತ. ‘ಹೊರಗ್ರಹ’ ಅಂದರೆ ಗುರು, ಶನಿ, ಯುರೇನಸ್, ನೆಪ್ಚೂನ್ ಅಂತಲೂ ಆಗುತ್ತದೆ. ‘ಅನ್ಯಗ್ರಹ’ ಅಂದ ಕೂಡಲೇ ಮಕ್ಕಳಿಗೆ ಅನ್ಯಗ್ರಹ ಜೀವಿ ನೆನಪಾಗುತ್ತದೆ. ‘ಸೌರೇತರ’ ಮೇಷ್ಟ್ರುಗಳಿಗೇ ಕಷ್ಟ. ಸದ್ಯಕ್ಕೆ ‘ಬೇರೆ ನಕ್ಷತ್ರದ ಗ್ರಹ’ ಅಂತಲೇ ಬರೆದಿದ್ದೇವೆ.

ತುಳುವಿನಲ್ಲೋ ಕುಂದಾಪುರ ಕನ್ನಡದಲ್ಲೋ, ಒಂದು ಜಾಗದಲ್ಲಿ ಬೆಳೆಯೋ ಜೀವವೋ ‘ಹಿಡಿಯುತ್ತದೆ, ಆದರೆ ಈಗ ಇದೆ ಅಂತಲ್ಲ’ ಅನ್ನಲು ಒಂದೇ ಮಾತು ಇದ್ದರೆ ದಯವಿಟ್ಟು ಅದನ್ನು ಬಳಸುವ ಒಂದು ವಾಕ್ಯದ ಜೊತೆ ತಿಳಿಸಿ. ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ.