ಎದೆಯಲ್ಲಿ 2.1 ಸೆಂ.ಮೀ. ಗಂಟು: ತೆಗೆಸಬೇಕಾ, ಕಾಯಬೇಕಾ? ಅನುಭವ ಇದ್ದವರು ಹೇಳಿ

ತುಮಕೂರಿನ ಹುಡುಗಿ: ನನಗೆ 27 ವರ್ಷ. ಎಡಗಡೆ ಗೋಲಿಯ ಹಾಗೆ ಗಂಟು. ಒತ್ತಿದರೆ ಜಾರುತ್ತದೆ, ನೋವಿಲ್ಲ. ಸ್ಕ್ಯಾನಿಂಗ್‌ನಲ್ಲಿ ಫೈಬ್ರೋಅಡಿನೋಮಾ (ಕ್ಯಾನ್ಸರ್ ಅಲ್ಲದ ಗಂಟು), ಬೈ-ರಾಡ್ಸ್ (ಎದೆ ಸ್ಕ್ಯಾನಿನ ರಿಪೋರ್ಟಿಗೆ ಕೊಡುವ ದರ್ಜೆ) 3 ಅಂತ ಬಂದಿದೆ. ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ ಎಂದರು ಡಾಕ್ಟರ್. ಅಮ್ಮ ಮಾತ್ರ ಮದುವೆಗೆ ಮುಂಚೆ ತೆಗೆಸಿಬಿಡು ಅನ್ನುತ್ತಾರೆ. ಏನು ಮಾಡಲಿ?

ಹುಬ್ಬಳ್ಳಿ ಅಕ್ಕ: ತಂಗೀ, ನಾನು ತೆಗೆಸಿದೆ. ಆಗ ನನಗೆ 31. ಸ್ಕ್ಯಾನಿಂಗ್ 1,500, ಸೂಜಿ ಪರೀಕ್ಷೆ 1,200, ಆಪರೇಷನ್ 46,000. ಬೆಳಗ್ಗೆ ಏಳಕ್ಕೆ ಹೋದವಳು ಸಂಜೆ ಆರಕ್ಕೆ ಮನೆಯಲ್ಲಿದ್ದೆ. ಗಾಯದ ನೋವು ನಾಲ್ಕೇ ದಿನ. ಇನ್ಶೂರೆನ್ಸ್‌ನ ನೋವು ಇನ್ನೂ ಹೋಗಿಲ್ಲ. ಪಾಲಿಸಿ ಮಾಡಿಸಿ 22 ತಿಂಗಳಾಗಿತ್ತು. ಕ್ಯಾನ್ಸರ್ ಅಲ್ಲದ ಎದೆಗಂಟಿಗೆ 24 ತಿಂಗಳ ವೇಟಿಂಗ್ ಪೀರಿಯಡ್ ಅಂತೆ! ಹರ್ನಿಯಾ, ಕಣ್ಣಿನ ಪೊರೆ ಇರುವ ಪಟ್ಟಿಯಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಇನ್ನೆರಡು ತಿಂಗಳು ತಡೆದಿದ್ದರೆ ದುಡ್ಡು ಸಿಗುತ್ತಿತ್ತು. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೂತವರು ಒಂದು ಮಾತು ಹೇಳಲಿಲ್ಲ. ಮೂರು ಸಲ ಬರೆದು ಹಾಕಿದೆ, ಮೂರು ಸಲವೂ ಆಗಲ್ಲ ಎಂದರು. ಬಳೆ ಅಡವಿಟ್ಟು ಬಿಲ್ ಕಟ್ಟಿದೆ. ಆದರೂ ತೆಗೆಸಿದ್ದಕ್ಕೆ ಬೇಜಾರಿಲ್ಲ. ರಾತ್ರಿ ಎಚ್ಚರವಾದಾಗಲೆಲ್ಲ ಕೈ ಅಲ್ಲಿಗೇ ಹೋಗುತ್ತಿತ್ತು. ಅದು ನಿಂತಿತು.

ಸಾಗರದ ಟೀಚರ್: ನಾನು ತೆಗೆಸಲಿಲ್ಲ, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. 2019ರಲ್ಲಿ 2.4 ಸೆಂ.ಮೀ. ಇತ್ತು. ಆರು ತಿಂಗಳಿಗೆ ಅಷ್ಟೇ. ವರ್ಷಕ್ಕೆ 2.2. ಹೋದ ವರ್ಷ 1.5. ಸುಮ್ನೆ ಕಾದಿಲ್ಲ, ಮೊದಲೇ ಕೋರ್ ಬಯಾಪ್ಸಿ ಮಾಡಿಸಿದ್ದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ರೀಫಿಲ್ ದಪ್ಪದ ಸೂಜಿ ಹಾಕುತ್ತಾರೆ. ಸ್ಟೇಪ್ಲರ್ ಹೊಡೆದ ಹಾಗೆ ಟಪ್ ಅನ್ನುತ್ತದೆ. ನಾಲ್ಕು ಸಲ ಹೊಡೆದರು. ಶ್ಯಾವಿಗೆ ಎಳೆಯಂಥ ಬಿಳಿ ತುಂಡುಗಳು ಬಾಟಲಿಯಲ್ಲಿ ಕಾಣುತ್ತಿದ್ದವು. ಬೈ-ರಾಡ್ಸ್ 3 ಅಂದರೆ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ ಎರಡನ್ನು ಮೀರಲ್ಲ. ಹುಬ್ಬಳ್ಳಿಯವರೇ, ಭಯಕ್ಕೆ ಕೊಯ್ಸಿಕೊಂಡು ಚಿಕ್ಕ ಹುಡುಗಿಗೂ ಅದನ್ನೇ ಹೇಳಬೇಡಿ.

ಹುಬ್ಬಳ್ಳಿ ಅಕ್ಕ: ನೀನೂ ಕೊಯ್ಸು ಅಂತ ನಾನೆಲ್ಲಿ ಹೇಳಿದೆ? ನನ್ನ ದೊಡ್ಡಮ್ಮ ಸ್ತನ ಕ್ಯಾನ್ಸರ್‌ನಲ್ಲಿ ಹೋದರು. ಒಂದು ವರ್ಷ ಸೆರಗಿನ ಕೆಳಗೆ ಮುಚ್ಚಿಟ್ಟುಕೊಂಡಿದ್ದರು, ವಾಸನೆ ಬಂದ ಮೇಲೆ ಮನೆಯವರಿಗೆ ಗೊತ್ತಾಯಿತು. ನನ್ನ ಭಯದ ಲೆಕ್ಕ ನಿಮಗೆ ಬೇಡ.

ಜೆ.ಪಿ. ನಗರ: ಟೀಚರ್ ಮೇಡಂ, ಎಲ್ಲರ ಗಂಟೂ ನಿಮ್ಮದರ ಹಾಗೆ ಕರಗಲ್ಲ. ನನಗೆ 38. ತೆಳು ಸೂಜಿ ಪರೀಕ್ಷೆಯಲ್ಲಿ ಫೈಬ್ರೋಅಡಿನೋಮಾ ಅಂತಲೇ ಬಂದಿತ್ತು. 3 ಸೆಂ.ಮೀ. ಇದ್ದದ್ದು ಐದು ತಿಂಗಳಲ್ಲಿ 6.5 ಆಯಿತು. ತೆಗೆದು ಲ್ಯಾಬಿಗೆ ಕಳಿಸಿದಾಗ ಫಿಲ್ಲೋಡ್ಸ್ ಎಂದರು, ನೋಡಲು ಹಾಗೇ ಇದ್ದರೂ ಬೇಗ ಬೆಳೆಯುವ ಬೇರೆ ಗೆಡ್ಡೆ. ಆ ಸೂಜಿಯಲ್ಲಿ ಇವೆರಡನ್ನು ಬೇರೆ ಮಾಡುವುದು ಕಷ್ಟ ಅಂತ ಆಮೇಲೆ ಹೇಳಿದರು. ಆಮೇಲೆ! ತೆಗೆದ ತುಂಡಿನ ಅಂಚಿನವರೆಗೂ ಗೆಡ್ಡೆ ಇದೆ ಅಂತ ಮತ್ತೊಮ್ಮೆ ಕೊಯ್ದರು. ಮೊದಲ ಸಲ 62,000, ಎರಡನೇ ಸಲ 85,000. ಕ್ಯಾನ್ಸರ್ ಅಲ್ಲ, ಅದೊಂದು ಪುಣ್ಯ. ಬಲಗಡೆ ಗುಳಿ ಬಿದ್ದಿದೆ. ಬ್ಲೌಸ್ ಹೊಲಿಸುವಾಗ ಒಂದು ಕಡೆಗೆ ಮಾತ್ರ ಪ್ಯಾಡ್ ಇಡಿ ಎಂದು ಹೇಳುವಾಗ ಇವತ್ತಿಗೂ ಗಂಟಲು ಕಟ್ಟುತ್ತದೆ. ಗಂಟು ಬೆಳೆಯುತ್ತಿದ್ದರೆ ಆರು ತಿಂಗಳು ಅಂತ ಕೂರಬೇಡಿ.

ಸಾಗರದ ಟೀಚರ್: ಅದಕ್ಕೇ ಅಲ್ವಾ ಕೋರ್ ಬಯಾಪ್ಸಿ ಅಂತ ಬರೆದದ್ದು? ಪೂರ್ತಿ ಓದಿ ಆಮೇಲೆ ಬೈಯಿರಿ.

ದಾವಣಗೆರೆಯ ಅಮ್ಮ: ನಿಮ್ಮದೆಲ್ಲ ಗಂಟು, ನನ್ನದು ಕೀವು. ಎರಡನೇ ಮಗು ಹಾಲು ಬಿಟ್ಟು ಒಂದೂವರೆ ವರ್ಷವಾಗಿತ್ತು. ಎದೆ ಕೆಂಪಗಾಗಿ ಕಲ್ಲಿನ ಹಾಗಾಯಿತು. ಹಳೇ ಹಾಲು ಕಟ್ಟಿಕೊಂಡಿದೆ ಅಂತ ಅತ್ತೆ ಬಿಸಿ ಬಟ್ಟೆ ಇಟ್ಟರು. ಆಂಟಿಬಯಾಟಿಕ್ ಮೂರು ಕೋರ್ಸ್ ಆಯಿತು. ಎರಡು ಸಲ ಕೊಯ್ದು ಕೀವು ತೆಗೆದರು. ಕೀವಿನ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯಲಿಲ್ಲ. ಹಾಗಾದರೆ ಟಿಬಿ ಇರಬೇಕು ಎಂದು ಒಬ್ಬರು ಮಾತ್ರೆ ಶುರು ಮಾಡಿದರು. ಐದು ತಿಂಗಳು ನುಂಗಿದೆ. ಮೂತ್ರ ಕಿತ್ತಳೆ ಬಣ್ಣ, ಅನ್ನ ಕಂಡರೆ ವಾಕರಿಕೆ. ಕೊನೆಗೆ ಬೇರೆ ಊರಿನಲ್ಲಿ ಬಯಾಪ್ಸಿ, ಟಿಬಿ ಪತ್ತೆ ಮಾಡುವ ಜೀನ್‌ಎಕ್ಸ್‌ಪರ್ಟ್ ಎರಡನ್ನೂ ಮಾಡಿದರು. ಟಿಬಿ ಇಲ್ಲ. ಗ್ರಾನ್ಯುಲೋಮ್ಯಾಟಸ್ ಮಾಸ್ಟೈಟಿಸ್ ಅಂತೆ, ಎದೆಗೆ ಬರುವ ಒಂದು ಬಗೆಯ ಉರಿಯೂತ, ಕ್ಯಾನ್ಸರ್ ಅಲ್ಲ. ಸ್ಟೀರಾಯ್ಡ್ 40 ಮಿ.ಗ್ರಾಂ.ನಿಂದ ಶುರು, ಇಳಿಸುತ್ತಾ ಬಂದು ಏಳು ತಿಂಗಳು. ಮುಖ ಊದಿ ಚಿಕ್ಕ ಮಗಳು ನನ್ನ ಫೋಟೋ ತೋರಿಸಿ ‘ಈ ಅಮ್ಮ ಬೇಕು’ ಅಂತ ಅಳುತ್ತಿದ್ದಳು. ಶುಗರ್ 210ಕ್ಕೆ ಹೋಯಿತು. ಗಾಯ ಒಣಗಿತು, ಕಲೆ ನಾಲ್ಕು ಇವೆ.

ಹಾಸನದ ಅಣ್ಣ: ನಮ್ಮೂರ ಹತ್ತಿರ ನಾಟಿ ಔಷಧಿಯವರಿದ್ದಾರೆ. ಸೊಪ್ಪು ಅರೆದು ಹಚ್ಚುತ್ತಾರೆ. ಗಂಟು, ಕೀವು ಎಲ್ಲ ಒಡೆದು ಹೋಗುತ್ತದೆ. ಎಲ್ಲದಕ್ಕೂ ಸೂಜಿ ಯಾಕೆ?

ದಾವಣಗೆರೆಯ ಅಮ್ಮ: ಅಣ್ಣಾ, ನಾನು ಅದನ್ನೂ ಹಚ್ಚಿದ್ದೇನೆ. 22 ದಿನ. ಚರ್ಮ ಸುಟ್ಟು ಇನ್ನೊಂದು ಕಡೆ ಒಡೆಯಿತು. ನಾಲ್ಕನೇ ಕಲೆ ಅದೇ.

ಹಾಸನದ ಅಣ್ಣ: ನನ್ನ ಅತ್ತಿಗೆಗೆ ವಾಸಿಯಾಗಿದೆ, ಕಣ್ಣಾರೆ ಕಂಡಿದ್ದೇನೆ.

ಜೆ.ಪಿ. ನಗರ: ಅತ್ತಿಗೆಗೆ ಏನಾಗಿತ್ತು? ಸ್ಕ್ಯಾನ್ ಮಾಡಿಸಿದ್ದರಾ? ಹಾಲುಣಿಸುವಾಗಿನ ಬಾವು ಬೇರೆ, ನೀರುಗುಳ್ಳೆ ಬೇರೆ, ಕ್ಯಾನ್ಸರ್ ಬೇರೆ. ಏನು ಅಂತ ಗೊತ್ತಿಲ್ಲದೆ ಏನು ವಾಸಿಯಾಯಿತು ಅಂತ ಹೇಗೆ ಹೇಳುತ್ತೀರಿ?

ಹುಬ್ಬಳ್ಳಿ ಅಕ್ಕ: ಇದೊಂದು ಮಾತಿಗೆ ಟೀಚರ್ ಕೂಡ ನನ್ನ ಕಡೆ ಇರುತ್ತಾರೆ.

ಸಾಗರದ ಟೀಚರ್: ಇದ್ದೇನೆ.

ತುಮಕೂರಿನ ಹುಡುಗಿ: ಎಲ್ಲರದ್ದೂ ಓದಿದೆ. ಫೈಲ್ ಮತ್ತೆ ತೆಗೆದು ನೋಡಿದೆ. ನನಗೆ ಸ್ಕ್ಯಾನ್ ಮಾತ್ರ ಆಗಿದೆ, ಸೂಜಿ ಹಾಕಿಯೇ ಇಲ್ಲ. ಸೋಮವಾರ ಅಮ್ಮನನ್ನೂ ಕರೆದುಕೊಂಡು ಹೋಗಿ, ಬೇಕಾ ಬೇಡವಾ ಅಂತ ಕೇಳುತ್ತೇನೆ. ಅಕ್ಕಾ, ನನ್ನದು ಆಫೀಸಿನ ಗ್ರೂಪ್ ಪಾಲಿಸಿ. ಅದಕ್ಕೂ 24 ತಿಂಗಳಾ?

ಹುಬ್ಬಳ್ಳಿ ಅಕ್ಕ: ಗ್ರೂಪ್ ಪಾಲಿಸಿಗಳಲ್ಲಿ ಜಾಸ್ತಿ ಕಡೆ ಆ ಕಾಯುವಿಕೆ ತೆಗೆದಿರುತ್ತಾರೆ, ಎಲ್ಲ ಕಡೆ ಅಲ್ಲ. ಎಚ್‌ಆರ್‌ಗೆ ಮೇಲ್ ಹಾಕಿ ಕೇಳು. ಬಾಯಿಮಾತು ಬೇಡ, ಬರೆದೇ ಕೊಡಲಿ.