ಜಗಲಿಯ ತಂತಿಗೆ ಗೂಡು ಕಟ್ಟುತ್ತಿರುವ ಹಕ್ಕಿಗೆ ಸಕ್ಕರೆ ನೀರು ಇಡಬಹುದೇ?

ಪ್ರಶ್ನೆ (ಶಿವಮೊಗ್ಗದಿಂದ):
ನಮ್ಮ ಜಗಲಿಯಲ್ಲಿ ಬಟ್ಟೆ ಒಣಗಿಸುವ ತಂತಿಗೆ ಗುಬ್ಬಿಗಿಂತ ಚಿಕ್ಕದಾದ ಹಕ್ಕಿಯೊಂದು ಒಂದು ವಾರದಿಂದ ಗೂಡು ಕಟ್ಟುತ್ತಿದೆ. ದೂರದಿಂದ ನೋಡಿದರೆ ಕಸ ಜೋತುಬಿದ್ದಂತೆ ಕಾಣುತ್ತದೆ. ಅದರ ಜೊತೆಗಿರುವ ಗಂಡಿನ ನೆತ್ತಿ ಹಸಿರು, ಕತ್ತು ನೇರಳೆ, ಹೊಟ್ಟೆ ಹಳದಿ. ಅದು ಗೂಡಿಗೆ ಒಂದು ನಾರನ್ನೂ ತರದೆ ದಿನವಿಡೀ ಬೈಕಿನ ಕನ್ನಡಿಯನ್ನು ಕುಕ್ಕುತ್ತಿರುತ್ತದೆ. ನೆರೆಮನೆಯವರು ಇದನ್ನು ಹಮ್ಮಿಂಗ್‌ಬರ್ಡ್ ಎನ್ನುತ್ತಾರೆ. ಇದಕ್ಕೆ ಸಕ್ಕರೆ ನೀರು ಇಡಬಹುದೇ?

ಉತ್ತರ 1:
ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ನೀವು ವರ್ಣಿಸಿರುವುದು ಸೂರಕ್ಕಿ. ಅದರಲ್ಲೂ ಬೆನ್ನಿನ ಬುಡ ನೇರಳೆಯಾಗಿರುವ, ಸುಮಾರು 10 ಸೆಂ.ಮೀ. ಉದ್ದದ ಜಾತಿ. ಹೂವಿನ ಮುಂದೆ ಕ್ಷಣಕಾಲ ರೆಕ್ಕೆ ಬಡಿಯುತ್ತ ನಿಲ್ಲಬಲ್ಲದಾದರೂ ಸಾಮಾನ್ಯವಾಗಿ ಇದು ರೆಂಬೆಯ ಮೇಲೆ ಕುಳಿತೇ ಮಕರಂದ ಹೀರುತ್ತದೆ. ಕತ್ತಿನ ಹೊಳಪು ಗರಿಗಳ ಸೂಕ್ಷ್ಮ ರಚನೆಯಿಂದ ಬೆಳಕು ಚದುರಿ ಹುಟ್ಟುವಂಥದ್ದು; ಆದ್ದರಿಂದಲೇ ನೆರಳಿನಲ್ಲಿ ಅದೇ ಹಕ್ಕಿ ಕಪ್ಪಾಗಿ ಕಾಣುತ್ತದೆ.

ಗೂಡು ಬಹುಮಟ್ಟಿಗೆ ಹೆಣ್ಣಿನದೇ ಕೆಲಸ. ನಾರುಗಳನ್ನು ಜೇಡರ ಬಲೆಯ ಎಳೆಗಳಿಂದ ಬಿಗಿದು, ಹೊರಗೆ ತೊಗಟೆಯ ಚೂರು, ಕಲ್ಲುಹೂವು, ಕಂಬಳಿಹುಳುವಿನ ಹಿಕ್ಕೆಗಳನ್ನು ಅಂಟಿಸುವುದರಿಂದಲೇ ಅದು ನಿಮಗೆ ಕಸದಂತೆ ಕಂಡಿದೆ. ಪಕ್ಕದ ಬಾಗಿಲಿನ ಮೇಲೆ ಪುಟ್ಟ ಸೂರನ್ನೂ ಇಳಿಸಿರುತ್ತದೆ, ನೋಡಿ. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಸುಮಾರು ಎರಡು ವಾರ. ಗಂಡನ್ನು ಸೋಮಾರಿ ಎಂದು ಬೈಯಬೇಡಿ: ಕನ್ನಡಿಯೊಳಗಿನ ಎದುರಾಳಿಯಿಂದ ಅದು ತನ್ನ ಎಲ್ಲೆಯನ್ನು ಕಾಯುತ್ತಿದೆ, ಮರಿಗಳಾದ ಮೇಲೆ ಗುಟುಕು ತರಲು ಅದೂ ಬರುತ್ತದೆ. ಅಲ್ಲಿಯವರೆಗೆ ಕನ್ನಡಿಗೆ ಬಟ್ಟೆಯ ಚೀಲ ಕಟ್ಟಿಡಿ.

ಉತ್ತರ 2:
ಸಕ್ಕರೆ ನೀರು ಬೇಡ. ಅದು ಬೇಗನೆ ಹುಳಿಯುತ್ತದೆ. ಅದಕ್ಕೆ ಮುತ್ತುವ ಇರುವೆಗಳು ತಂತಿಯ ಮೇಲೆ ಹರಿದು ಗೂಡನ್ನು ಸೇರಬಹುದು. ಅಷ್ಟಕ್ಕೂ ಮರಿಗಳು ಬೆಳೆಯಲು ಜೇಡ ಮತ್ತು ಸಣ್ಣ ಕೀಟಗಳು ಬೇಕು. ದಾಸವಾಳದ ಹಿಟ್ಟು ತಿಗಣೆಗೆಂದು ಔಷಧ ಹೊಡೆಯುವ ಅಭ್ಯಾಸವಿದ್ದರೆ ಅದನ್ನು ನಿಲ್ಲಿಸಿ, ಜಗಲಿಯ ಮೂಲೆಯ ಜೇಡರ ಬಲೆಗಳನ್ನೂ ಗುಡಿಸದೆ ಬಿಡಿ.

ಪ್ರಶ್ನಿಸಿದವರು:
ಬಹಳ ಉಪಕಾರವಾಯಿತು. ದಾಸವಾಳಕ್ಕೆ ಇನ್ನೊಂದು ಹಕ್ಕಿಯೂ ಬರುತ್ತದೆ. ಮಾಸಲು ಹಳದಿ ಎದೆಯ ನಡುವೆ ಕಪ್ಪು ಗೀಟು, ಹೂವಿನ ಬಾಯಿಗೆ ಹೋಗದೆ ಬುಡವನ್ನೇ ಚುಚ್ಚುತ್ತದೆ. ಇದು ಹೆಣ್ಣೇ?

ಉತ್ತರ 1:
ಅಲ್ಲ, ಅದು ಕಪ್ಪು ಸೂರಕ್ಕಿಯ ಗಂಡು. ಸಂತಾನದ ಕಾಲ ಮುಗಿದೊಡನೆ ಅದು ಮಿರುಗುವ ಗರಿಗಳನ್ನು ಉದುರಿಸಿ ಹೆಣ್ಣಿನಂತಾಗುತ್ತದೆ. ಉಳಿಯುವುದು ಆ ಗೀಟೊಂದೇ. ನಿಮ್ಮ ಜಗಲಿಯ ಗಂಡು ಹಾಗೆ ವೇಷ ಬದಲಿಸುವುದಿಲ್ಲ. ಬುಡಕ್ಕೆ ಚುಚ್ಚುವುದು ಶುದ್ಧ ಕಳ್ಳತನ: ಪರಾಗವನ್ನು ಮುಟ್ಟದೆ ಮಕರಂದವನ್ನಷ್ಟೇ ಒಯ್ಯುತ್ತದೆ. ಅದೇ ಹಕ್ಕಿ ಮಾವಿನ ಮರಕ್ಕೆ ಅಂಟಿ ಅದರ ಸಾರ ಹೀರುವ ಬದನಿಕೆ ಗಿಡದ ಹೂವಿಗೆ ಹೋದಾಗ ಮಾತ್ರ ಕೊಕ್ಕು ಹಣೆಗಳಿಗೆಲ್ಲ ಪರಾಗ ಮೆತ್ತಿಕೊಂಡು ಮುಂದಿನ ಹೂವಿಗೆ ದಾಟಿಸುತ್ತದೆ. ಮಾವಿನ ಮರದ ಒಡೆಯರಿಗೆ ಇದರಿಂದ ಸಂತೋಷವಾಗಲಾರದು.