ಓದಲು ಬಾರದ ಅಕ್ಷರವನ್ನು ನೋಡುವುದು ಹೇಗೆ? (ಶೊಡೊ, ಅಂದರೆ ಜಪಾನಿನ ಕುಂಚದ ಬರವಣಿಗೆಯ ಕಲೆ)

ಗಾಂಧಿಬಜಾರ್_ಗೆಳತಿ:
ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನಲ್ಲಿದ್ದ ಜಪಾನಿ ಸಹೋದ್ಯೋಗಿಯೊಬ್ಬರು ಊರಿಗೆ ವಾಪಸ್ ಹೋಗುವಾಗ ತಾವೇ ಕುಂಚದಲ್ಲಿ ಬರೆದ ಒಂದು ಹಾಳೆ ಕೊಟ್ಟರು. ಒಂದೇ ಅಕ್ಷರ. ‘ಕಜೆ’, ಅಂದರೆ ಗಾಳಿ. ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದೇನೆ. ನಮ್ಮಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು, ಅಕ್ಷರ ದುಂಡಗಿಲ್ಲದಿದ್ದರೆ ಇಡೀ ಪುಟ ಮತ್ತೆ ಬರೆಸುತ್ತಿದ್ದವರು. ಅವರು ಅದರ ಮುಂದೆ ತುಂಬ ಹೊತ್ತು ನಿಂತು ಕೇಳಿದರು: "ಇದು ಬರವಣಿಗೆಯೋ ಚಿತ್ರವೋ? ಬರವಣಿಗೆಯಾದರೆ ಓದೋಕೆ ಬರಬೇಕು. ಚಿತ್ರವಾದರೆ ಗಾಳಿ ಅಂತ ಬಾಯಲ್ಲಿ ಯಾಕೆ ಹೇಳಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಬಲಗಡೆ ಒಂದು ದೊಡ್ಡ ಗೆರೆ ಕೆಳಗಿಳಿಯುತ್ತಾ ಎಳೆ ಎಳೆಯಾಗಿ ಸೀಳಿದೆ, ನಡುವೆ ಕಾಗದದ ಬಿಳಿ ಕಾಣುತ್ತದೆ, ದಿನಾ ನೋಡಿದರೂ ಕಣ್ಣು ಅಲ್ಲೇ ನಿಲ್ಲುತ್ತದೆ. ಜಪಾನಿ ಭಾಷೆ ಒಂದಕ್ಷರವೂ ಬಾರದ ನಾನು ಅಲ್ಲಿ ನೋಡುತ್ತಿರುವುದು ಏನನ್ನು? ಗೊತ್ತಿದ್ದವರು ಹೇಳಿ.

ಮಸಿಕುಡಿಕೆ:
ಇಂದಿರಾನಗರದಲ್ಲಿ ಒಬ್ಬ ಜಪಾನಿ ಅಜ್ಜಿಯ ಹತ್ತಿರ ಮೂರು ವರ್ಷ ಕಲಿತಿದ್ದೇನೆ, ಆ ಅನುಭವದಿಂದ ಹೇಳುತ್ತೇನೆ. ಕಜೆ ಅಕ್ಷರಕ್ಕೆ 9 ಗೆರೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಕ್ರಮ ಇದೆ. ಎಡಗಡೆ ಇಳಿಯುವುದು ಮೊದಲನೆಯದು. ನಿಮ್ಮ ಕಣ್ಣು ನಿಲ್ಲುವ ಆ ದೊಡ್ಡ ಗೆರೆ ಎರಡನೆಯದು: ಮೇಲೆ ಅಡ್ಡ ಹೋಗಿ, ತಿರುಗಿ, ಕೆಳಗೆ ಬಂದು, ಕೊನೆಗೆ ಹೊರಗೆ ಚಿಮ್ಮುತ್ತದೆ. ಎರಡನೇ ಗೆರೆ ಅನ್ನುವುದನ್ನು ಗಮನಿಸಿ. ಆಗ ಕುಂಚದಲ್ಲಿ ಮಸಿ ಇನ್ನೂ ಚೆನ್ನಾಗಿ ಇರುತ್ತದೆ. ಹಾಗಾಗಿ ಅಲ್ಲಿ ಬಿಳಿ ಬಂದಿರುವುದು ಮಸಿ ಮುಗಿದು ಇರಲಾರದು, ಕೈ ಓಡಿದ ವೇಗಕ್ಕೆ ಬಂದಿರಬೇಕು. ಇಂಥ ಒಣ ಗೆರೆಗೆ ಕಸುರೆ ಅನ್ನುತ್ತಾರೆ. ಕುಂಚ ನಿಧಾನ ಮಾಡಿದರೆ ಮಸಿ ಕಾಗದದಲ್ಲಿ ಹರಡುತ್ತದೆ, ಅದು ನಿಜಿಮಿ. ಬರೆದ ಮೇಲೆ ತಿದ್ದುವ ಹಾಗಿಲ್ಲ, ಮೇಲೆ ಇನ್ನೊಂದು ಸಲ ಮಸಿ ಹಚ್ಚಿದರೆ ಹಾಳೆ ಕೆಟ್ಟ ಹಾಗೆಯೇ. ನಿಮ್ಮ ಸಹೋದ್ಯೋಗಿಯ ಕೈ ಆ ಒಂದೆರಡು ಕ್ಷಣದಲ್ಲಿ ಏನು ಮಾಡಿತೋ ಅದೆಲ್ಲ ಕಾಗದದಲ್ಲಿ ಉಳಿದಿದೆ, ನೀವು ನೋಡುತ್ತಿರುವುದು ಅದನ್ನೇ. ಅಪ್ಪನಿಗೆ ಹೇಳಿ, ಗಾಜಿನ ಮೇಲೆ ಬೆರಳಿಟ್ಟು ಅದೇ ಕ್ರಮದಲ್ಲಿ ಒಂದು ಸಲ ಬರೆದು ನೋಡಲಿ.

ಕಪ್ಪುಬಿಳುಪು:
ನಿಮ್ಮ ತಂದೆಯವರು ಕೇಳಿದ್ದು ದೊಡ್ಡ ಪ್ರಶ್ನೆ ಮೇಡಂ. 1950ರ ದಶಕದಲ್ಲಿ ಜಪಾನಿನ ಶೊಡೊ ಕಲಾವಿದರೇ ಇದಕ್ಕಾಗಿ ಕಿತ್ತಾಡಿದ್ದಾರೆ. 1951ರಲ್ಲಿ ಉಎದಾ ಸೊಕ್ಯೂ ‘ಆಯ್’ ಅಂತ ಒಂದು ಕೃತಿ ಪ್ರದರ್ಶನಕ್ಕೆ ಇಟ್ಟರು. ಆಯ್ ಅಂದರೆ ಪ್ರೀತಿ. ಆದರೆ ಹಾಳೆಯ ಮೇಲೆ ಇದ್ದದ್ದು ಆ ಅಕ್ಷರದ ಆಕಾರವೇ ಅಲ್ಲ, ಅಂಬೆಗಾಲಿಡುವ ಮಗುವನ್ನು ನೋಡಿ ಹುಟ್ಟಿದ ರೂಪ. ಇದು ಅಕ್ಷರವಾ ಅಂತ ಗಲಾಟೆ ಆಯಿತು. ಅದೇ ವರ್ಷ ಅವರ ಶಿಷ್ಯ ಮೊರಿತಾ ಶಿರ್ಯೂ ‘ಬೊಕುಬಿ’ ಪತ್ರಿಕೆ ಶುರು ಮಾಡಿ, ಮೊದಲ ಸಂಚಿಕೆಯ ಮುಖಪುಟಕ್ಕೇ ಅಮೆರಿಕದ ಫ್ರಾಂಜ್ ಕ್ಲೈನ್ ಅವರ ಕಪ್ಪುಬಿಳಿ ಚಿತ್ರ ಹಾಕಿದರು. ಮುಂದಿನ ವರ್ಷ ಕ್ಯೋಟೋದಲ್ಲಿ ಐದು ಜನ ಸೇರಿ ಬೊಕುಜಿನ್‌ಕಾಯ್ ಗುಂಪು ಕಟ್ಟಿದರು.

ಅವರಲ್ಲಿ ನನಗೆ ಬಹಳ ಹತ್ತಿರದವರು ಇನೊವುಎ ಯುಇಚಿ. ಶಾಲಾ ಮೇಷ್ಟ್ರು, ನಿಮ್ಮಪ್ಪನ ಹಾಗೆ. 1945ರ ಮಾರ್ಚ್ 10ರ ಟೋಕಿಯೋ ಬಾಂಬ್ ದಾಳಿಯ ರಾತ್ರಿ ಅವರು ಶಾಲೆಯಲ್ಲೇ ಇದ್ದರು, ಅಲ್ಲಿಗೆ ಆಶ್ರಯ ಬೇಡಿ ಬಂದ ಜನ ಕಣ್ಣೆದುರೇ ಸತ್ತರು, ಇವರು ಉಳಿದರು. ಆ ರಾತ್ರಿಯನ್ನು ಅವರು ಅಕ್ಷರದಲ್ಲಿ ಇಳಿಸಿದ್ದು 1978ರಲ್ಲಿ, ಮೂವತ್ತಮೂರು ವರ್ಷ ಆದ ಮೇಲೆ. 1955ರ ಸುಮಾರಿಗೆ ಅವರು ಅಕ್ಷರವನ್ನೇ ಬಿಟ್ಟು ಬರೀ ಗೆರೆ ಎಳೆದು ನೋಡಿದರು. ಆಮೇಲೆ ಅಕ್ಷರಕ್ಕೇ ವಾಪಸ್ ಬಂದರು. ‘ಹಿನ್’, ಅಂದರೆ ಬಡತನ, ಆ ಒಂದು ಅಕ್ಷರವನ್ನು ಎಷ್ಟೋ ವರ್ಷ ಮತ್ತೆ ಮತ್ತೆ ಬರೆದರು. ಒಂದೊಂದು ಸಲ ಅದು ಕಾಲೂರಿ ನಿಂತ ಮನುಷ್ಯನ ಹಾಗೆ ಕಾಣುತ್ತದೆ. ಸುಮ್ನೆ ಗೆರೆ ಎಳೆಯುವ ಸ್ವಾತಂತ್ರ್ಯ ಸಿಕ್ಕ ಮೇಲೂ ಅಕ್ಷರ ಬೇಕು ಅನ್ನಿಸಿತಲ್ಲ, ನನ್ನ ಮಟ್ಟಿಗೆ ಉತ್ತರ ಅಲ್ಲೇ ಇದೆ. ಅದು ಬರವಣಿಗೆಯೇ.

ಬೋರ್ಡ್_ಬರೆಯುವವರ_ಮಗ:
ಕನ್ನಡ ಅಕ್ಷರದಲ್ಲೂ ಹೀಗೆ ಬರೆದವರ ಕೈ ಕಾಣುತ್ತದೆ ಅಂತ ತಕ್ಷಣ ಹೇಳೋಕೆ ನನಗೆ ಮನಸ್ಸು ಬರುತ್ತಿಲ್ಲ. ನಮ್ಮ ತಂದೆ ಚಾಮರಾಜಪೇಟೆಯಲ್ಲಿ ಅಂಗಡಿ ಬೋರ್ಡ್ ಬರೆಯುತ್ತಿದ್ದರು. ಮೊದಲು ಸೀಮೆಸುಣ್ಣದಲ್ಲಿ ಗೆರೆ, ಆಮೇಲೆ ಪೇಂಟ್ ತುಂಬುವುದು, ತಪ್ಪಿದರೆ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸುವುದು. ಅದೂ ಅಕ್ಷರವೇ, ಎಷ್ಟು ಚೆಂದದ ಅಕ್ಷರ, ಆದರೆ ಬೇರೆ ದಾರಿ. ಇನ್ನೊಂದು ವಿಷಯ, ಜಪಾನಿನಲ್ಲಿ ಶಾಲೆಯಲ್ಲಿ ಕಲಿಸುವ ಕ್ರಮ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ, ಅದಕ್ಕೇ ನೋಡುವವರ ಮನಸ್ಸೂ ಬರೆದವರ ಕೈ ಹಿಂದೆಯೇ ಹೋಗುತ್ತದೆ. ನಮ್ಮಲ್ಲಿ ತಲೆಕಟ್ಟು ಮೊದಲೋ ಕೊನೆಗೋ ಅನ್ನುವುದೇ ಒಬ್ಬೊಬ್ಬರದು ಒಂದೊಂದು ಥರ, ಅಲ್ವಾ? ಆದರೂ ಒಂದು ಇದೆ. ಅಕ್ಷರಾಭ್ಯಾಸದಲ್ಲಿ ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ‘ಅ’ ಬರೆಸುತ್ತೇವಲ್ಲ, ಅಲ್ಲಿ ಅಕ್ಷರ ಕಣ್ಣಿಗಿಂತ ಮೊದಲು ತೋಳಿಗೆ ಹೋಗುತ್ತದೆ. ಕನ್ನಡದಲ್ಲಿ ಕುಂಚ ಹಿಡಿಯುವವರು ಅಲ್ಲಿಂದ ಶುರು ಮಾಡಬೇಕು ಅಂತ ನನಗೆ ಅನ್ನಿಸುತ್ತದೆ, ಫಾಂಟ್ ನೋಡಿಕೊಂಡು ಅಲ್ಲ.

ಗಾಂಧಿಬಜಾರ್_ಗೆಳತಿ:
ಮೂವರಿಗೂ ತುಂಬ ಥ್ಯಾಂಕ್ಸ್. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಇನೊವುಎ ವಿಷಯ ಬಂದಾಗ ಇನ್ನೊಂದು ಸಲ ಓದು ಅಂದರು. ಆಮೇಲೆ ಎದ್ದು ಹೋಗಿ ಗಾಜಿನ ಮೇಲೆ ಬೆರಳಿಟ್ಟು ನಿಧಾನವಾಗಿ ಬರೆದರು, ಎರಡನೇ ಸಲ ಬೇಗ ಬರೆದರು. "ತಿರುವಿನಲ್ಲಿ ನಿಂತಿದ್ದಾರೆ, ಆಮೇಲೆ ಬಿಟ್ಟುಬಿಟ್ಟಿದ್ದಾರೆ ನೋಡು" ಅಂದರು. ಈಗ ‘ಗಾ’ ಬರೆಯಬೇಕಂತೆ. ಕುಂಚ, ಮಸಿ ಯಾವುದು ತರಲಿ?

ಮಸಿಕುಡಿಕೆ:
ಮೊದಲ ತಿಂಗಳು ಹಳೆ ನ್ಯೂಸ್‌ಪೇಪರ್ ಸಾಕು. ಆಮೇಲೆ ಅವೆನ್ಯೂ ರಸ್ತೆಯ ಕಾಗದದ ಅಂಗಡಿಗಳಲ್ಲಿ ತೆಳುವಾದ, ಮಸಿ ಹೀರುವ ಹಾಳೆ ಕೇಳಿ, ಹೊಳೆಯುವ ಆರ್ಟ್ ಪೇಪರ್ ಬೇಡ. ಕೆಳಗೆ ಹಳೆ ಕಂಬಳಿ ತುಂಡು ಹಾಸಿ. ಕುಂಚ ಮೆತ್ತಗಿರಲಿ, ದೊಡ್ಡದೇ ಇರಲಿ, ನೆಟ್ಟಗೆ ಹಿಡಿಯಲಿ, ಮೊಣಕೈ ಮೇಜಿಗೆ ತಾಗಬಾರದು. ನನ್ನ ಹತ್ತಿರ ಒಂದು ಬಾಟಲಿ ಜಪಾನಿ ಮಸಿ ಜಾಸ್ತಿ ಇದೆ. ಭಾನುವಾರ ಬಸವನಗುಡಿ ಕಡೆ ಬರುವುದಿದೆ, ಮೆಸೇಜ್ ಮಾಡಿ, ಮೇಷ್ಟ್ರಿಗೆ ಕೊಟ್ಟು ಹೋಗುತ್ತೇನೆ.